‘ಮತ್ತಿತರರು’ ಎಂಬ ಮಾತಿನೊಳಗೆ ಕಳೆದುಹೋದ ಥಾಮಸ್ ಮಿಚೆಲ್

ಮಾನ್ಯ ಸಂಪಾದಕರಿಗೆ,

ವಂದನೆಗಳು.

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಹಳೆಯ ಚಲನಚಿತ್ರಗಳ ಕುರಿತು ಪ್ರಕಟವಾದ ಲೇಖನವನ್ನು ಓದಿ ಬಹಳ ಸಂತೋಷಪಟ್ಟೆ. ಮುಂಬಯಿಯಲ್ಲಿ ಅಚ್ಚಾಗುವ ಕನ್ನಡ ಪತ್ರಿಕೆಯೊಂದು ಇಂಥ ವಿಷಯಕ್ಕೆ ಅರ್ಧ ಪುಟವನ್ನು ಮೀಸಲಿಡುವುದು ಸಣ್ಣ ಸಂಗತಿಯಲ್ಲ. 1939ನೆಯ ಇಸವಿಯನ್ನು ಲೇಖಕರು ಹಾಲಿವುಡ್‌ನ ಸುಗ್ಗಿಯ ವರ್ಷವೆಂದು ಕರೆದಿರುವುದೂ ಒಪ್ಪತಕ್ಕ ಮಾತೇ. ಆದರೆ ಲೇಖನದ ಜೊತೆಗಿದ್ದ ‘ಸ್ಟೇಜ್‌ಕೋಚ್’ ಚಿತ್ರದ ಛಾಯಾಚಿತ್ರದ ಅಡಿಯಲ್ಲಿ ‘ಜಾನ್ ವೇಯ್ನ್, ಕ್ಲೇರ್ ಟ್ರೆವರ್ ಮತ್ತಿತರರು’ ಎಂದಷ್ಟೇ ಇತ್ತು. ಆ ಚಿತ್ರದಲ್ಲಿ ಅಭಿನಯಕ್ಕಾಗಿ ಆಸ್ಕರ್ ಪಡೆದವರು ಒಬ್ಬರೇ ಒಬ್ಬರು, ಆ ಒಬ್ಬರು ‘ಮತ್ತಿತರರು’ ಎಂಬ ಪದದೊಳಗೆ ಸೇರಿಹೋಗಿದ್ದಾರೆ. ಅವರ ಹೆಸರು ಥಾಮಸ್ ಮಿಚೆಲ್. ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಬಾರಿ ಓದಿದರೂ ಆ ಹೆಸರು ನನಗೆ ಎಲ್ಲಿಯೂ ಸಿಗಲಿಲ್ಲ.

ಇದನ್ನು ಕೇವಲ ಅಚ್ಚಿನ ಲೋಪವೆಂದು ನಾನು ಬರೆಯುತ್ತಿಲ್ಲ. ನಾಯಕನ ಹೆಸರನ್ನು ಹೇಳಿದರೆ ಚಿತ್ರದ ಬಗ್ಗೆ ಹೇಳಿದಂತಾಯಿತು ಎಂಬ ನಂಬಿಕೆ ನಮ್ಮ ಸಿನಿಮಾ ಬರವಣಿಗೆಯಲ್ಲಿ ಬೇರೂರಿಬಿಟ್ಟಿದೆ. ಮಿಚೆಲ್ ಅವರ ವೃತ್ತಿಜೀವನವನ್ನು ಒಮ್ಮೆ ಗಮನವಿಟ್ಟು ನೋಡಿದವರಿಗೆ ಆ ನಂಬಿಕೆ ಎಷ್ಟು ತಪ್ಪೆಂಬುದು ತಾನಾಗಿ ತಿಳಿಯುತ್ತದೆ. ಇಂಥ ಕಲಾವಿದರನ್ನು ಕನ್ನಡದಲ್ಲಿ ನಾವು ‘ಪೋಷಕ ನಟ’ ಎನ್ನುತ್ತೇವೆ. ಪೋಷಿಸುವವನು, ಉಣಬಡಿಸಿ ಬೆಳೆಸುವವನು ಎಂದು ಅದರ ಅರ್ಥ. ಇಷ್ಟು ಒಳ್ಳೆಯ ಪದವನ್ನು ಕೈಯಲ್ಲಿಟ್ಟುಕೊಂಡು ಅದರ ಅರ್ಥವನ್ನು ನಾವು ಮರೆತಿರುವುದು ನನಗೆ ನೋವಿನ ವಿಷಯ.

ಮಿಚೆಲ್ ಹುಟ್ಟಿದ್ದು 1892ರ ಜುಲೈ 11ರಂದು, ನ್ಯೂಜೆರ್ಸಿ ರಾಜ್ಯದ ಎಲಿಜಬೆತ್ ಎಂಬ ಊರಿನಲ್ಲಿ, ಐರ್ಲೆಂಡಿನಿಂದ ವಲಸೆ ಬಂದ ಕುಟುಂಬದಲ್ಲಿ. ಶಾಲೆ ಮುಗಿಸಿದ ಮೇಲೆ ಮನೆಯವರ ಹಾದಿಯಲ್ಲೇ ನಡೆದು ಪತ್ರಿಕಾ ವರದಿಗಾರರಾದರು. ವರದಿ ಬರೆಯುತ್ತಲೇ ಹಾಸ್ಯ ಪ್ರಸಂಗಗಳನ್ನು ಬರೆಯತೊಡಗಿ, ಅಲ್ಲಿಂದ ರಂಗಭೂಮಿಗೆ ಸರಿದು, ಚಾರ್ಲ್ಸ್ ಕೋಬರ್ನ್ ಅವರ ಷೇಕ್ಸ್‌ಪಿಯರ್ ನಾಟಕ ತಂಡದೊಡನೆ ಊರೂರು ತಿರುಗಿದರು. ನ್ಯೂಯಾರ್ಕಿನ ರಂಗಕೇಂದ್ರವಾದ ಬ್ರಾಡ್‌ವೇಯಲ್ಲಿ ನಟಿಸಿದರು, ನಿರ್ದೇಶಿಸಿದರು, ಲೇಖಕ ಫ್ಲಾಯ್ಡ್ ಡೆಲ್ ಅವರೊಡನೆ ಸೇರಿ ನಾಟಕವನ್ನೂ ಬರೆದರು. ಹಾಲಿವುಡ್‌ನಲ್ಲಿ ಅವರು ನೆಲೆ ನಿಂತದ್ದು 1936ರಲ್ಲಿ, 44ರ ವಯಸ್ಸಿನಲ್ಲಿ. ಕುಳ್ಳು ಮೈಕಟ್ಟು, ದುಂಡು ಮುಖ, ಕೆದರಿದ ಗುಂಗುರು ಕೂದಲು. ಈ ರೂಪ ನಾಯಕನದಲ್ಲ. ಆದರೆ ಅಷ್ಟು ಹೊತ್ತಿಗೆ ಇಪ್ಪತ್ತು ವರ್ಷಗಳ ರಂಗಾನುಭವ ಅವರ ಬೆನ್ನಿಗಿತ್ತು. ಹತ್ತು ಮಾತುಗಳ ಪಾತ್ರವಾದರೂ ಆ ಮನುಷ್ಯ ಎಲ್ಲಿಂದ ಬಂದ, ಯಾರಿಗೆ ಹೆದರುತ್ತಾನೆ, ಯಾವುದಕ್ಕೆ ನಾಚುತ್ತಾನೆ ಎಂಬುದನ್ನು ತಿಳಿದುಕೊಂಡೇ ಅವರು ಕ್ಯಾಮೆರಾದ ಮುಂದೆ ನಿಲ್ಲುತ್ತಿದ್ದರು ಎಂಬುದು ಅವರ ಯಾವ ಚಿತ್ರವನ್ನು ನೋಡಿದರೂ ಗೊತ್ತಾಗುತ್ತದೆ.

ಈಗ ಲೇಖಕರು ಕೊಂಡಾಡಿದ 1939ಕ್ಕೆ ಬರುತ್ತೇನೆ. ಆ ವರ್ಷದ ಮಾರ್ಚ್‌ನಿಂದ ಡಿಸೆಂಬರ್‌ವರೆಗಿನ ಹತ್ತು ತಿಂಗಳಲ್ಲಿ ಮಿಚೆಲ್ ನಟಿಸಿದ ಐದು ಚಿತ್ರಗಳು ತೆರೆಗೆ ಬಂದವು. ಜಾನ್ ಫೋರ್ಡ್ ಅವರ ‘ಸ್ಟೇಜ್‌ಕೋಚ್’ನಲ್ಲಿ ಅವರು ಕುಡುಕ ವೈದ್ಯ. ಹೊವಾರ್ಡ್ ಹಾಕ್ಸ್ ಅವರ ‘ಓನ್ಲಿ ಏಂಜಲ್ಸ್ ಹ್ಯಾವ್ ವಿಂಗ್ಸ್’ನಲ್ಲಿ ಕಣ್ಣು ಮಂದವಾಗುತ್ತಿರುವುದನ್ನು ಗೆಳೆಯನಿಂದಲೂ ಮುಚ್ಚಿಡುವ ವಿಮಾನ ಚಾಲಕ. ಫ್ರ್ಯಾಂಕ್ ಕಾಪ್ರಾ ಅವರ ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ನಲ್ಲಿ ವರದಿಗಾರ, ಅಂದರೆ ಅವರ ಹಳೆಯ ಕಸುಬಿನವನೇ. ‘ದ ಹಂಚ್‌ಬ್ಯಾಕ್ ಆಫ್ ನಾಟರ್ ಡೇಮ್’ನಲ್ಲಿ ಪ್ಯಾರಿಸ್ಸಿನ ಭಿಕ್ಷುಕರ ದೊರೆ ಕ್ಲೋಪಾನ್. ‘ಗಾನ್ ವಿತ್ ದ ವಿಂಡ್’ನಲ್ಲಿ ನಾಯಕಿ ಸ್ಕಾರ್ಲೆಟ್‌ಳ ತಂದೆ ಜೆರಾಲ್ಡ್ ಓಹಾರಾ. ಆ ವರ್ಷದ ಅತ್ಯುತ್ತಮ ಚಿತ್ರ ಪ್ರಶಸ್ತಿಗೆ ನಾಮನಿರ್ದೇಶನಗೊಂಡ ಹತ್ತು ಚಿತ್ರಗಳ ಪೈಕಿ ಮೂರರಲ್ಲಿ ಅವರಿದ್ದರು. ಆ ಇಸವಿಯ ಚಿತ್ರಗಳನ್ನು ಹೊಗಳುವ ಲೇಖನದಲ್ಲಿ ಇಂಥವರ ಹೆಸರು ಬಾರದೆ ಹೋಗುವುದು ಹೇಗೆ?

‘ಸ್ಟೇಜ್‌ಕೋಚ್’ನ ಡಾಕ್ಟರ್ ಬೂನ್ ಪಾತ್ರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಊರಿನ ಮರ್ಯಾದಸ್ಥ ಹೆಂಗಸರು ಸೇರಿ ಅವನನ್ನೂ ಡಲ್ಲಾಸ್ ಎಂಬ ಹೆಣ್ಣನ್ನೂ ಊರಿನಿಂದ ಹೊರಹಾಕುತ್ತಾರೆ. ಅವನು ಅವಳಿಗೆ ತೋಳು ಕೊಟ್ಟು, ಮದುವೆಯ ದಿಬ್ಬಣಕ್ಕೆ ಹೊರಟವನಂತೆ ಗಾಂಭೀರ್ಯದಿಂದ ಪ್ರಯಾಣಿಕರ ಕುದುರೆಗಾಡಿಯ ಕಡೆಗೆ ನಡೆಯುತ್ತಾನೆ. ಗಾಡಿಯೊಳಗೆ ಮದ್ಯದ ವ್ಯಾಪಾರಿಯೊಬ್ಬನ ಪಕ್ಕದಲ್ಲಿ ಕುಳಿತು, ಅವನ ಮಾದರಿ ಸೀಸೆಗಳ ಚೀಲವನ್ನು ಪ್ರೀತಿಯಿಂದ ಕಾಪಾಡುತ್ತಾ ಒಂದೊಂದಾಗಿ ಖಾಲಿ ಮಾಡುತ್ತಾನೆ. ಇಲ್ಲಿಯವರೆಗೂ ನೋಡುವವರು ನಗುತ್ತಲೇ ಇರುತ್ತಾರೆ. ನಡುದಾರಿಯ ಒಂದು ತಂಗುದಾಣದಲ್ಲಿ ಸಹಪ್ರಯಾಣಿಕಳಾದ ಗರ್ಭಿಣಿಗೆ ಹೆರಿಗೆ ನೋವು ಬಂದಾಗ ಸುತ್ತಲೂ ಮರುಭೂಮಿ, ಇರುವ ವೈದ್ಯ ಇವನೊಬ್ಬನೇ, ಅವನೂ ಅಮಲಿನಲ್ಲಿದ್ದಾನೆ. ಆಗ ಅವನು ಕಾಫಿ ಕೇಳುತ್ತಾನೆ. ಕಪ್ಪು ಕಾಫಿ, ಇನ್ನಷ್ಟು ಕಾಫಿ. ಒಂದರ ಮೇಲೊಂದು ಲೋಟ ಕುಡಿದು ಹೊಟ್ಟೆಯಲ್ಲಿದ್ದುದನ್ನು ಕಕ್ಕಿ, ಕಾಲೂರಿ ನಿಂತು ಕೋಣೆಯೊಳಗೆ ಹೋಗುವಾಗ ಆ ಮುಖದಲ್ಲಿ ಕಾಣುವುದು ಶೌರ್ಯವಲ್ಲ. ಹಿಂದೊಮ್ಮೆ ತನಗೆ ಬರುತ್ತಿದ್ದ ವಿದ್ಯೆ ಈಗಲೂ ಕೈಯಲ್ಲಿ ಉಳಿದಿದೆಯೋ ಇಲ್ಲವೋ ಎಂಬ ಅಂಜಿಕೆ. ಕುಡುಕನ ಪಾತ್ರ ಸಿಕ್ಕರೆ ತೂರಾಡುವುದೇ ನಟನೆ ಎಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ. ಮಿಚೆಲ್ ಇಲ್ಲಿ ತೂರಾಡಬಾರದೆಂದು ಹೆಣಗುವ ಕುಡುಕನನ್ನು ಆಡುತ್ತಾರೆ. ಅದು ಅದಕ್ಕಿಂತ ಎಷ್ಟೋ ಕಷ್ಟದ ಕೆಲಸ.

ಅದೇ ವೈದ್ಯ ಕೊನೆಯ ಭಾಗದಲ್ಲಿ ಮದ್ಯದಂಗಡಿಯಲ್ಲಿ ಕೊಲೆಗಡುಕನ ಎದುರು ನಿಂತು, ಕೈಯಲ್ಲಿರುವ ಬಂದೂಕನ್ನು ಬಿಟ್ಟುಹೋಗಬೇಕೆಂದು ಮೆಲ್ಲಗೆ ಹೇಳುತ್ತಾನೆ. ಅವನು ಬಿಟ್ಟುಹೋದ ಮೇಲೆ, ಇನ್ನೊಮ್ಮೆ ತಾನು ಹೀಗೆ ಮಾಡಹೊರಟರೆ ತಡೆಯಬೇಕೆಂದು ಅಂಗಡಿಯವನನ್ನು ಕೇಳಿಕೊಳ್ಳುತ್ತಾನೆ. ಜಾನ್ ವೇಯ್ನ್ ಅವರನ್ನು ತಾರೆಯಾಗಿಸಿದ್ದು ಈ ಚಿತ್ರವೆಂದು ತಮ್ಮ ಲೇಖಕರು ಬರೆದಿರುವುದು ನಿಜ. ಆದರೆ ಆ ಚಿತ್ರದಲ್ಲಿ ಬದಲಾಗುವ ಮನುಷ್ಯ ವೇಯ್ನ್ ಅಲ್ಲ. ಅವರು ಮೊದಲಿನಿಂದ ಕೊನೆಯವರೆಗೆ ಒಳ್ಳೆಯವರಾಗಿಯೇ ಇರುತ್ತಾರೆ. ಬಿದ್ದು, ಎದ್ದು, ತನ್ನ ಭಯವನ್ನು ತಾನೇ ಕಂಡು ನಡುಗುವವನು ಡಾಕ್ಟರ್ ಬೂನ್.

ಈ ಅಭಿನಯಕ್ಕೆ ಅತ್ಯುತ್ತಮ ಪೋಷಕ ನಟ ಪ್ರಶಸ್ತಿ ಬಂದದ್ದು 1940ರ ಫೆಬ್ರವರಿ 29ರಂದು. ಅಂದು ಅವರೊಡನೆ ಸ್ಪರ್ಧೆಯಲ್ಲಿದ್ದವರ ಪೈಕಿ ಕ್ಲಾಡ್ ರೇನ್ಸ್ ಮತ್ತು ಹ್ಯಾರಿ ಕೇರಿ ಇಬ್ಬರೂ ‘ಮಿಸ್ಟರ್ ಸ್ಮಿತ್’ ಚಿತ್ರದವರು, ಅಂದರೆ ಮಿಚೆಲ್ ಅವರ ಸಹೋದ್ಯೋಗಿಗಳೇ. ಓದುಗರಲ್ಲಿ ಅನೇಕರಿಗೆ ಗೊತ್ತಿರಲಾರದ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. ಆ ಕಾಲದಲ್ಲಿ ಪೋಷಕ ನಟರಿಗೆ ಆಸ್ಕರ್‌ನ ಚಿನ್ನದ ಬಣ್ಣದ ಪ್ರತಿಮೆಯನ್ನು ಕೊಡುತ್ತಿರಲಿಲ್ಲ. 1936ರ ಚಿತ್ರಗಳಿಗಾಗಿ ಈ ವಿಭಾಗ ಆರಂಭವಾದಂದಿನಿಂದ ಏಳು ವರ್ಷಗಳ ಕಾಲ ನಾಯಕ ನಟರಿಗೆ ಪ್ರತಿಮೆ, ಪೋಷಕ ನಟರಿಗೆ ಫಲಕ ಎಂಬ ವ್ಯತ್ಯಾಸವಿತ್ತು. ಮಿಚೆಲ್ ಪಡೆದದ್ದೂ ಫಲಕವನ್ನೇ. ಅದೇ ಸಂಜೆ ‘ಗಾನ್ ವಿತ್ ದ ವಿಂಡ್’ಗಾಗಿ ಪೋಷಕ ನಟಿ ಪ್ರಶಸ್ತಿ ಗೆದ್ದು, ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆಯೆನಿಸಿದ ಹ್ಯಾಟಿ ಮೆಕ್‌ಡೇನಿಯಲ್ ಅವರಿಗೂ ಫಲಕವೇ ಸಿಕ್ಕಿತು. ವರ್ಣಭೇದದ ದೆಸೆಯಿಂದ ಆ ಸಭಾಂಗಣದಲ್ಲಿ ಅವರ ಮೇಜನ್ನೂ ಬೇರೆಯಾಗಿಯೇ ಇಡಲಾಗಿತ್ತು. ಪೋಷಕ ಕಲಾವಿದರ ಕೈಗೆ ಪೂರ್ಣ ಪ್ರತಿಮೆ ಬರತೊಡಗಿದ್ದು 1944ರಲ್ಲಿ. ಆ ವರ್ಷ ಪೋಷಕ ನಟ ಪ್ರಶಸ್ತಿ ಗೆದ್ದವರು ಚಾರ್ಲ್ಸ್ ಕೋಬರ್ನ್, ಮಿಚೆಲ್ ತರುಣರಾಗಿದ್ದಾಗ ಯಾರ ತಂಡದಲ್ಲಿ ಊರೂರು ತಿರುಗಿದ್ದರೋ ಅದೇ ಕೋಬರ್ನ್.

ನಾನು ಮಿಚೆಲ್ ಅವರನ್ನು ಮೊದಲು ನೋಡಿದ್ದು ‘ಸ್ಟೇಜ್‌ಕೋಚ್’ನಲ್ಲಿ ಅಲ್ಲ. 1960ರ ದಶಕದ ನಡುವಿನಲ್ಲಿ ನಾನು ಫೋರ್ಟ್ ಪ್ರದೇಶದ ಒಂದು ಹೋಟೆಲಿನಲ್ಲಿ ಹಗಲು ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದುತ್ತಿದ್ದೆ. ನಮ್ಮ ಇಂಗ್ಲಿಷ್ ಮಾಸ್ತರರು ಭಾನುವಾರ ಬೆಳಗಿನ ಕಡಿಮೆ ದರದ ಪ್ರದರ್ಶನಗಳಿಗೆ ನಮ್ಮ ಪೈಕಿ ಐದಾರು ಮಂದಿಯನ್ನು ಕರೆದೊಯ್ಯುತ್ತಿದ್ದರು. ಚಿತ್ರದ ಆರಂಭದಲ್ಲಿ ಬರುವ ಹೆಸರುಗಳಲ್ಲಿ ಓದಲು ಸಾಧ್ಯವಾದಷ್ಟನ್ನು ನೆನಪಿಟ್ಟುಕೊಂಡು ಮರುದಿನ ಪುಸ್ತಕದಲ್ಲಿ ಬರೆದು ತೋರಿಸಬೇಕೆಂಬುದು ಅವರ ಕಟ್ಟಪ್ಪಣೆಯಾಗಿತ್ತು. ಅದು ಸಿನಿಮಾ ಪಾಠವಲ್ಲ, ಕಾಗುಣಿತದ ಪಾಠ. ಆದರೆ ಹಾಗೆ ಬರೆದೂ ಬರೆದೂ ‘ಮಿಚೆಲ್’ ಎಂಬ ಹೆಸರು ನನ್ನ ಪುಸ್ತಕದಲ್ಲಿ ಮತ್ತೆ ಮತ್ತೆ ಬರತೊಡಗಿತು. ಗೇರಿ ಕೂಪರ್ ಇದ್ದ ಚಿತ್ರದಲ್ಲೂ ಅದೇ ಹೆಸರು, ಜೇಮ್ಸ್ ಸ್ಟೂವರ್ಟ್ ಇದ್ದ ಚಿತ್ರದಲ್ಲೂ ಅದೇ ಹೆಸರು. ನಾಯಕರು ಬದಲಾಗುತ್ತಿದ್ದರು, ಈ ಮನುಷ್ಯ ಮಾತ್ರ ಮನೆಯ ಹಿರಿಯನಂತೆ ಎಲ್ಲೆಡೆಯೂ ಇರುತ್ತಿದ್ದರು.

ನಾನು ಅವರನ್ನು ಮೊದಲ ಬಾರಿ ಕಂಡ ಆ ಚಿತ್ರ 1952ರ ‘ಹೈ ನೂನ್’. ಹಳೆಯ ಶತ್ರು ಮಧ್ಯಾಹ್ನದ ರೈಲಿಗೆ ಬರಲಿದ್ದಾನೆ, ಊರನ್ನು ಕಾಯುವ ಅಧಿಕಾರಿಯಾದ ಮಾರ್ಷಲ್ ಪ್ರಾರ್ಥನೆ ನಡೆಯುತ್ತಿರುವ ಚರ್ಚಿಗೆ ಬಂದು ಜನರ ಸಹಾಯ ಕೇಳುತ್ತಾನೆ. ಮಿಚೆಲ್ ಅಲ್ಲಿ ಊರಿನ ಮೇಯರ್. ಅವರು ಮಕ್ಕಳನ್ನು ಹೊರಗೆ ಕಳಿಸಿ, ಎಲ್ಲರಿಗೂ ಮಾತಾಡಲು ಅವಕಾಶ ಕೊಟ್ಟು, ಕಡೆಗೆ ತಾವೇ ಮುಂದೆ ಬಂದು ನಿಲ್ಲುತ್ತಾರೆ. ಈ ಊರು ಹೆಂಗಸರು ಮಕ್ಕಳು ಬಾಳುವಂಥ ಊರಾದದ್ದು ಈ ಮಾರ್ಷಲನಿಂದ ಎನ್ನುತ್ತಾರೆ. ಇದು ನಮ್ಮೆಲ್ಲರ ಹೊಣೆ ಎನ್ನುತ್ತಾರೆ. ಇಂಗ್ಲಿಷ್ ಅರ್ಧಂಬರ್ಧ ತಿಳಿಯುತ್ತಿದ್ದ ನಾವು ಹುಡುಗರು, ಆ ದನಿಯನ್ನು ಕೇಳಿ, ಇನ್ನೇನು ಊರೆಲ್ಲ ಎದ್ದು ನಿಲ್ಲುತ್ತದೆ ಎಂದುಕೊಂಡೆವು. ದನಿ ಏರಲೇ ಇಲ್ಲ, ಮುಖದ ಸೌಜನ್ಯ ಕದಲಲೂ ಇಲ್ಲ. ಅದೇ ದನಿಯಲ್ಲಿ ಅವರು, ಉತ್ತರದ ಹಣವಂತರು ಇಲ್ಲಿ ಅಂಗಡಿ ಕಾರ್ಖಾನೆಗಳನ್ನು ತೆರೆಯುವ ಯೋಚನೆಯಲ್ಲಿದ್ದಾರೆ, ಬೀದಿಯಲ್ಲಿ ಗುಂಡು ಹಾರಿದರೆ ಅವರು ಹಿಂಜರಿಯುತ್ತಾರೆ, ಆದ್ದರಿಂದ ಸಮಯವಿರುವಾಗಲೇ ನೀನು ಊರು ಬಿಟ್ಟು ಹೋಗುವುದು ನಿನಗೂ ಒಳ್ಳೆಯದು, ನಮಗೂ ಒಳ್ಳೆಯದು ಎಂದು ಮಾರ್ಷಲನಿಗೆ ಹೇಳುತ್ತಾರೆ. ಮಾರ್ಷಲ್ ಒಂದೇ ಮಾತಿನಲ್ಲಿ ಕೃತಜ್ಞತೆ ಹೇಳಿ ಹೊರಟುಹೋಗುತ್ತಾನೆ.

ಹಿಂದಿರುಗುವಾಗ ಮಾಸ್ತರರು ಧೋಬಿ ತಲಾವ್‌ನ ಪಾದಚಾರಿ ದಾರಿಯಲ್ಲಿ ನಿಂತು, ‘ನೋಡಿದಿರಾ ಮಕ್ಕಳೇ, ಅವರು ಬೈಯಲಿಲ್ಲ, ಹೊಗಳಿ ಹೊಗಳಿಯೇ ಹೊನ್ನಶೂಲಕ್ಕೆ ಏರಿಸಿದರು’ ಎಂದರು. ಆ ಮೇಯರ್ ದುಷ್ಟನಲ್ಲ ಎಂಬುದೇ ಆ ಅಭಿನಯದ ಹೆಚ್ಚುಗಾರಿಕೆ. ತಾನು ಹೇಳುತ್ತಿರುವುದು ಊರಿನ ಒಳಿತಿಗೆಂದು ಅವನು ಪೂರ್ತಿ ನಂಬಿದ್ದಾನೆ, ನಟನೂ ಅವನನ್ನು ನಂಬಿಯೇ ಆಡಿದ್ದಾರೆ. ದುಷ್ಟನೆಂದು ತೋರುವಂತೆ ಒಂದು ಕಣ್ಸನ್ನೆ ಹೆಚ್ಚು ಮಾಡಿದ್ದರೂ ಆ ದೃಶ್ಯ ಹಗುರವಾಗಿಬಿಡುತ್ತಿತ್ತು. ಮಾರ್ಷಲನಾಗಿ ನಟಿಸಿದ ಗೇರಿ ಕೂಪರ್ ಅವರಿಗೆ ಆ ಚಿತ್ರ ಅತ್ಯುತ್ತಮ ನಟ ಪ್ರಶಸ್ತಿಯನ್ನು ತಂದುಕೊಟ್ಟಿತು, ಅದು ನ್ಯಾಯವೇ. ಆದರೆ ಕೂಪರ್ ಅವರ ಒಂಟಿತನ ನಮಗೆ ತಟ್ಟಬೇಕಾದರೆ ಎದುರಿನಲ್ಲಿ ಇಂಥದೊಂದು ಸಜ್ಜನ ಮುಖ ಇರಲೇಬೇಕಿತ್ತು.

ಇನ್ನೊಂದು ಚಿತ್ರವನ್ನು ಹೆಸರಿಸದೆ ಮುಂದೆ ಹೋಗಲು ನನ್ನಿಂದಾಗದು. 1937ರಲ್ಲಿ ಲಿಯೋ ಮೆಕ್‌ಕೇರಿ ನಿರ್ದೇಶಿಸಿದ ‘ಮೇಕ್ ವೇ ಫಾರ್ ಟುಮಾರೋ’ ಅದು. ಮನೆ ಕಳೆದುಕೊಂಡ ವೃದ್ಧ ದಂಪತಿಯನ್ನು ಮಕ್ಕಳು ಒಬ್ಬೊಬ್ಬರಾಗಿ ಹಂಚಿಕೊಂಡು ಬೇರ್ಪಡಿಸುವ ಕಥೆ. ಮಿಚೆಲ್ ಹಿರಿಯ ಮಗ. ತಾಯಿಯಾಗಿ ನಟಿಸಿದ ಬ್ಯೂಲಾ ಬಾಂಡಿ ನಿಜ ಜೀವನದಲ್ಲಿ ಅವರಿಗಿಂತ ಕೆಲವೇ ವರ್ಷ ದೊಡ್ಡವರು. ತಾಯಿಯನ್ನು ವೃದ್ಧಾಶ್ರಮಕ್ಕೆ ಸೇರಿಸುವ ವಿಷಯವನ್ನು ತಿಳಿಸಲು ಮಗ ಬಂದು ಕುಳಿತಿದ್ದಾನೆ. ಆಶ್ರಮದಿಂದ ಬಂದ ಪತ್ರವನ್ನು ತಾಯಿ ಆಗಲೇ ಕಂಡಿದ್ದಾಳೆ. ಮಗ ಬಾಯಿ ತೆರೆಯುವ ಮೊದಲೇ, ತನಗೆ ಅಲ್ಲಿಗೆ ಹೋಗಲು ಆಸೆಯಾಗಿದೆ ಎಂದು ಅವಳೇ ಹೇಳಿ ಅವನ ಭಾರವನ್ನು ಇಳಿಸುತ್ತಾಳೆ. ಆಗ ಮಗನಿಗೆ ಹೆಚ್ಚು ಮಾತಿಲ್ಲ. ಒಂದೇ ಮುಖದಲ್ಲಿ ಬಿಡುಗಡೆಯ ನಿಟ್ಟುಸಿರು, ಆ ನಿಟ್ಟುಸಿರು ಬಂದದ್ದಕ್ಕೆ ನಾಚಿಕೆ, ತಾಯಿಗೆ ಎಲ್ಲವೂ ತಿಳಿದಿದೆ ಎಂಬ ಅರಿವು, ಮೂರೂ ಒಂದರ ಹಿಂದೊಂದು ಹಾದುಹೋಗುತ್ತವೆ. ಊರಲ್ಲಿ ತಂದೆತಾಯಿಯನ್ನು ಬಿಟ್ಟು ಬಂದು ಈ ಮುಂಬಯಿಯ ಚಾಳುಗಳಲ್ಲಿ, ಒಂದು ಕೋಣೆಯ ಮನೆಗಳಲ್ಲಿ ಸಂಸಾರ ಮಾಡಿದ ನಮ್ಮ ತಲೆಮಾರಿನವರಿಗೆ ಆ ಮುಖವನ್ನು ವಿವರಿಸಿ ಹೇಳಬೇಕಾಗಿಲ್ಲ. ಕೆಲವು ವರ್ಷಗಳ ಹಿಂದೆ ಮಗಳ ಮನೆಯಲ್ಲಿ ಕಂಪ್ಯೂಟರಿನಲ್ಲಿ ಆ ಚಿತ್ರವನ್ನು ನೋಡಿದಾಗ ನಾನು ಅರ್ಧಕ್ಕೆ ನಿಲ್ಲಿಸಿ, ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ನಿಂತು ಬಂದು ಉಳಿದುದನ್ನು ನೋಡಿದೆ.

‘ಗಾನ್ ವಿತ್ ದ ವಿಂಡ್’ನ ತಂದೆಯೂ ಹಾಗೆಯೇ. ಮೊದಲು ಕುದುರೆಯೇರಿ ಬೇಲಿ ಹಾರಿಸುತ್ತಾ, ಭೂಮಿಯೊಂದೇ ಉಳಿಯುವಂಥದ್ದು ಎಂದು ಮಗಳಿಗೆ ಹೇಳುವ ಗಟ್ಟಿಗ. ಯುದ್ಧದಲ್ಲಿ ಎಲ್ಲವೂ ಹಾಳಾಗಿ ಮಗಳು ಹಿಂದಿರುಗಿದಾಗ, ಬೆಲೆಯಿಲ್ಲದ ಸಾಲಪತ್ರಗಳನ್ನು ಕೈಯಲ್ಲಿ ಹಿಡಿದುಕೊಂಡು, ಮುಂದೇನು ಮಾಡಬೇಕೆಂಬುದನ್ನು ಹೆಂಡತಿಯನ್ನೇ ಕೇಳೋಣ ಎನ್ನುತ್ತಾನೆ. ಹೆಂಡತಿ ಹಿಂದಿನ ದಿನವಷ್ಟೇ ತೀರಿಕೊಂಡಿದ್ದಾಳೆ. ಸುಮಾರು ನಾಲ್ಕು ತಾಸಿನ ಆ ಚಿತ್ರದಲ್ಲಿ ನನಗೆ ಮರೆಯಲಾಗದಿರುವುದು ಆ ಅರೆ ನಿಮಿಷ.

1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ನ ಅಂಕಲ್ ಬಿಲ್ಲಿಯನ್ನು ಅನೇಕ ಓದುಗರು ಬಲ್ಲರು. ನೆನಪಿಗೆಂದು ಬೆರಳುಗಳಿಗೆ ದಾರ ಕಟ್ಟಿಕೊಳ್ಳುವ ಆ ಮರೆಗುಳಿ ಚಿಕ್ಕಪ್ಪ, ಬ್ಯಾಂಕಿಗೆ ಕಟ್ಟಬೇಕಾದ 8,000 ಡಾಲರುಗಳನ್ನು ವೃತ್ತಪತ್ರಿಕೆಯೊಳಗೆ ಮಡಿಚಿ ಶತ್ರುವಿನ ಕೈಗೇ ಕೊಟ್ಟುಬಿಡುತ್ತಾನೆ. ಕಥೆಯೆಲ್ಲವೂ ತಿರುಗುವುದು ಆ ಒಂದು ಮರೆವಿನ ಮೇಲೆ. ಹಣ ಕಳೆದ ಮೇಲೆ ಅವನು ಮೇಜಿಗೆ ತಲೆಯಿಟ್ಟು ಅಳುವಾಗ ಸಾಕಿದ ಅಳಿಲೊಂದು ಅವನ ತೋಳನ್ನು ಏರಿ ಬರುತ್ತದೆ. ಬಾಲ್ಯದಲ್ಲಿ ಅಣ್ಣನ ಅಂಗಡಿಯ ದುಡ್ಡನ್ನು ಕಳೆದುಕೊಂಡು ಬೈಗುಳ ತಿಂದವರಿಗೆಲ್ಲ ಆ ಅಳು ಪರಿಚಿತವಾದದ್ದೇ.

ರಂಗಭೂಮಿಯನ್ನು ಅವರು ಬಿಟ್ಟುಕೊಡಲಿಲ್ಲ. ಆರ್ಥರ್ ಮಿಲ್ಲರ್ ಅವರ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕದ ಪ್ರವಾಸಿ ತಂಡದಲ್ಲಿ ವಿಲ್ಲಿ ಲೋಮನ್ ಆಗಿ ನಟಿಸಿದರು. 1953ರಲ್ಲಿ ದೂರದರ್ಶನ ಅಭಿನಯಕ್ಕಾಗಿ ಎಮ್ಮಿ ಪ್ರಶಸ್ತಿ, ‘ಹೇಜಲ್ ಫ್ಲ್ಯಾಗ್’ ಎಂಬ ಸಂಗೀತ ನಾಟಕಕ್ಕಾಗಿ ಟೋನಿ ಪ್ರಶಸ್ತಿ, ಎರಡೂ ಅದೇ ವರ್ಷ ಬಂದವು. ಸಿನಿಮಾ, ದೂರದರ್ಶನ, ರಂಗಭೂಮಿ ಈ ಮೂರೂ ಕ್ಷೇತ್ರಗಳ ಅಭಿನಯ ಪ್ರಶಸ್ತಿಗಳನ್ನು ಪಡೆದ ಮೊದಲ ಪುರುಷ ಅವರೇ. ಅಂದಿನ ಯಾವ ನಾಯಕ ನಟನೂ ಅದನ್ನು ಅವರಿಗಿಂತ ಮೊದಲು ಸಾಧಿಸಿರಲಿಲ್ಲ. 1962ರಲ್ಲಿ ಅವರು ಕಡೆಯದಾಗಿ ರಂಗದ ಮೇಲೆ ಆಡಿದ ಪಾತ್ರ ಪತ್ತೇದಾರ ಕೊಲಂಬೋ. ಮುಂದೆ ನಟ ಪೀಟರ್ ಫಾಕ್ ಅವರ ಮೂಲಕ ದೂರದರ್ಶನದಲ್ಲಿ ಜಗತ್ತಿನ ಮನೆಮನೆಗೂ ಬಂದವನು ಅದೇ ಕೊಲಂಬೋ. ಆ ನಾಟಕದಲ್ಲಿ ಮುಖ್ಯ ಪಾತ್ರವೆಂದು ಬರೆದದ್ದು ಕೊಲೆಗಾರನದು, ಪತ್ತೇದಾರನದು ಪೋಷಕ ಪಾತ್ರ. ಆ ವರ್ಷದ ಡಿಸೆಂಬರ್ 17ರಂದು, ತಮ್ಮ 70ನೆಯ ವಯಸ್ಸಿನಲ್ಲಿ, ಮಿಚೆಲ್ ಬೆವರ್ಲಿ ಹಿಲ್ಸ್‌ನಲ್ಲಿ ತೀರಿಕೊಂಡರು.

ಮಾನ್ಯರೇ, ಬ್ಯಾಂಕಿನ ಕೆಲಸದ ಜೊತೆಗೆ ನಾನೂ ಈ ನಗರದ ಕನ್ನಡ ರಂಗದ ಮೇಲೆ, ಮಾಟುಂಗದ ಮೈಸೂರು ಅಸೋಸಿಯೇಷನ್ ಸಭಾಗೃಹದಲ್ಲಿಯೂ ಇತರೆಡೆಗಳಲ್ಲಿಯೂ, ಬಹಳ ವರ್ಷ ತಂದೆ, ಮಂತ್ರಿ, ವೈದ್ಯರ ಪಾತ್ರಗಳನ್ನೇ ಆಡಿದ್ದೇನೆ. ಸಂಜೆ ಲೋಕಲ್ ಹಿಡಿದು ತಾಲೀಮಿಗೆ ಓಡುವಾಗ ನಾಯಕನ ಮಾತುಗಳು ನನ್ನ ಮಾತುಗಳಿಗಿಂತ ಚೆನ್ನಾಗಿ ಬಾಯಿಗೆ ಬರುತ್ತಿದ್ದವು. ಏಕೆಂದರೆ ಅವನ ಮಾತಿಗೆ ನಾನು ಎಲ್ಲಿ ತಿರುಗಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದೇ ನನ್ನ ಕೆಲಸವಾಗಿತ್ತು. ಯಕ್ಷಗಾನದಲ್ಲಿ ಎದುರು ವೇಷ ಸೊರಗಿದರೆ ರಾಜವೇಷವೂ ಸೊರಗುತ್ತದೆ ಎಂದು ನಮ್ಮ ಕರಾವಳಿಯ ಹಿರಿಯರು ಹೇಳುತ್ತಿದ್ದುದು ಇದನ್ನೇ. ಕೆ.ಎಸ್. ಅಶ್ವಥ್ ಅವರನ್ನು, ಕಿವಿ ಸರಿಯಾಗಿ ಕೇಳಿಸದಿದ್ದರೂ ಎದುರಿನವರ ಮಾತಿಗೆ ಒಂದು ಕ್ಷಣವೂ ತಪ್ಪದ ಬಾಲಕೃಷ್ಣ ಅವರನ್ನು ಕಂಡ ಕನ್ನಡಿಗರಿಗೆ ಮಿಚೆಲ್ ಅಂಥವರ ಬೆಲೆ ತಿಳಿಯದೆ ಹೋಗುವುದಿಲ್ಲ. ತಿಳಿಸುವವರು ಬೇಕು, ಅಷ್ಟೇ. ಆ ಕೆಲಸ ತಮ್ಮಂಥ ಪತ್ರಿಕೆಯದು.

ಆದ್ದರಿಂದ ನನ್ನ ವಿನಂತಿ ಇಷ್ಟು. ಸಿನಿಮಾ ಪುಟದಲ್ಲಿ ಛಾಯಾಚಿತ್ರ ಅಚ್ಚಾದಾಗ ಅದರಲ್ಲಿ ಕಾಣುವ ಎಲ್ಲರ ಹೆಸರನ್ನೂ ಕೊಡಬೇಕು; ಜಾಗ ಸಾಲದಿದ್ದರೆ ಚಿತ್ರವನ್ನೇ ಒಂದಿಷ್ಟು ಚಿಕ್ಕದಾಗಿಸಬಹುದು. ಸಾಧ್ಯವಾದರೆ ಮುಂದಿನ ಭಾನುವಾರ ಆ ಛಾಯಾಚಿತ್ರದ ಅಡಿಬರಹವನ್ನು ಸರಿಪಡಿಸಿ ಪ್ರಕಟಿಸಬೇಕೆಂದು ಕೋರುತ್ತೇನೆ. ಆ ಗಾಡಿಯಲ್ಲಿ ಪಯಣಿಸಿದವರು ಒಂಬತ್ತು ಮಂದಿ. ಚಾಲಕನ ಪೀಠದಲ್ಲಿ ಆಂಡಿ ಡಿವೈನ್ ಮತ್ತು ಜಾರ್ಜ್ ಬ್ಯಾಂಕ್ರಾಫ್ಟ್. ಒಳಗೆ ಕ್ಲೇರ್ ಟ್ರೆವರ್, ಜಾನ್ ವೇಯ್ನ್, ಲೂಯಿಸ್ ಪ್ಲಾಟ್, ಜಾನ್ ಕ್ಯಾರಡೀನ್, ಬರ್ಟನ್ ಚರ್ಚಿಲ್, ಡೊನಾಲ್ಡ್ ಮೀಕ್, ಮತ್ತು ಮೀಕ್ ಅವರ ಪಕ್ಕದಲ್ಲಿ ಸೀಸೆಗಳ ಚೀಲದ ಮೇಲೆ ಕೈಯಿಟ್ಟು ಕುಳಿತ ಥಾಮಸ್ ಮಿಚೆಲ್.

ತಮ್ಮ ವಿಶ್ವಾಸಿ,
ಹಳೆಯ ಓದುಗ
ಮಾಟುಂಗ, ಮುಂಬಯಿ